ಸ್ಕ್ರೀನ್ ರೀಡರ್ ಜೊತೆ ಆಡಿಯೊ ಎಡಿಟಿಂಗ್: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಸ್ಕ್ರೀನ್ ರೀಡರ್ ಇಟ್ಟುಕೊಂಡು ಆಡಿಯೊ ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಸದಾ ಎರಡು ದನಿಗಳಿರುತ್ತವೆ. ಒಂದು ಎಡಿಟ್ ಆಗುತ್ತಿರುವ ಆಡಿಯೊ, ಇನ್ನೊಂದು ಪರದೆಯನ್ನು ಓದಿ ಹೇಳುವ ದನಿ. ಎರಡಕ್ಕೂ ಅದೇ ಸೌಂಡ್ ಕಾರ್ಡ್, ಅದೇ ಹೆಡ್‌ಫೋನ್, ಅದೇ ಕಿವಿ. ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಆಡಾಸಿಟಿ ಅಥವಾ ರೀಪರ್ ಎಂಬ ಆಡಿಯೊ ಎಡಿಟಿಂಗ್ ಪ್ರೋಗ್ರಾಮ್ ಬಳಸುವಾಗ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಈ ಎರಡು ದನಿಗಳ ಜಗಳದಿಂದಲೇ ಬರುತ್ತವೆ. ಹಾಗಾಗಿ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಒಂದು ವಿಷಯ ಗೊತ್ತುಮಾಡಿಕೊಳ್ಳಬೇಕು: ದೋಷ ಫೈಲಿನಲ್ಲೇ ಕೂತಿದೆಯೋ, ಕೇಳುವಾಗ ಮಾತ್ರ ಬರುತ್ತಿದೆಯೋ?

ಪರೀಕ್ಷೆ ಸುಲಭ. ತೊಂದರೆ ಇರುವ ಜಾಗದ ಇಪ್ಪತ್ತು ಸೆಕೆಂಡನ್ನು ಡಬ್ಲ್ಯೂಎವಿ ಆಗಿ ಎಕ್ಸ್‌ಪೋರ್ಟ್ ಮಾಡಿ, ಫೋನಿಗೆ ಕಳುಹಿಸಿ ಕೇಳಿ. ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. ಫೋನಿನಲ್ಲೂ ದೋಷ ಕೇಳಿದರೆ ಅದು ರೆಕಾರ್ಡಿಂಗ್‌ನದು. ಫೋನಿನಲ್ಲಿ ಸರಿಯಾಗಿದ್ದರೆ ಫೈಲನ್ನು ಮುಟ್ಟಲೇಬೇಡಿ, ಹುಡುಕಬೇಕಾದದ್ದು ಕಂಪ್ಯೂಟರಿನ ಔಟ್‌ಪುಟ್ ಕಡೆಗೆ. ಈ ಹೆಜ್ಜೆ ಬಿಟ್ಟವರು ಚೆನ್ನಾಗಿರುವ ಫೈಲಿಗೆ ನಾಯ್ಸ್ ರಿಡಕ್ಷನ್ ಹಾಕಿ ಕೆಡಿಸಿಕೊಳ್ಳುತ್ತಾರೆ.

ಕೆಳಗಿನ ಕೀಗಳು ಆಡಾಸಿಟಿಯ 3ನೇ ಸರಣಿಗೆ ಮತ್ತು ಓಸಾರಾ (ರೀಪರ್ ಅನ್ನು ಸ್ಕ್ರೀನ್ ರೀಡರ್‌ಗೆ ಹೊಂದಿಸುವ ಎಕ್ಸ್‌ಟೆನ್ಷನ್) ಹಾಕಿದ ರೀಪರ್‌ಗೆ ಹೊಂದುತ್ತವೆ. ಕೀಗಳ ನಡುವೆ ಎನ್‌ವಿಡಿಎ ಎಂದಿದ್ದರೆ ಅದು ಎನ್‌ವಿಡಿಎ ಕೀ, ಸಾಮಾನ್ಯವಾಗಿ ಇನ್ಸರ್ಟ್.

ಎನ್‌ವಿಡಿಎ ದನಿ ರೆಕಾರ್ಡಿಂಗ್‌ಗೆ ಸೇರಿಕೊಂಡಿದೆ

ಮೊದಲು ಆ ದನಿ ಹೇಗೆ ಕೇಳುತ್ತಿದೆ ಎಂದು ಗಮನಿಸಿ. ಕೋಣೆಯ ಗುಂಗು ಏನೂ ಇಲ್ಲದೆ, ನಿಮ್ಮ ದನಿಯಷ್ಟೇ ಜೋರಾಗಿ ಸ್ಪಷ್ಟವಾಗಿದ್ದರೆ ಅದು ಕಂಪ್ಯೂಟರಿನ ಒಳಗಿನಿಂದಲೇ ಬಂದಿದೆ. ತೆಳ್ಳಗೆ, ದೂರದಲ್ಲಿ ಪಿಸುಗುಟ್ಟಿದ ಹಾಗಿದ್ದರೆ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಹೋಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಒಳಗಿನಿಂದ ಬಂದಿದ್ದರೆ ರೆಕಾರ್ಡಿಂಗ್ ಡಿವೈಸ್ ತಪ್ಪಾಗಿದೆ ಎಂದರ್ಥ. ಆಡಾಸಿಟಿಯಲ್ಲಿ ಶಿಫ್ಟ್+ಐ ಒತ್ತಿದರೆ ಡಿವೈಸ್ ಪಟ್ಟಿ ತೆರೆಯುತ್ತದೆ. ಅಲ್ಲಿ ಆಯ್ಕೆಯಾಗಿರುವ ಹೆಸರಿನ ಕೊನೆಯಲ್ಲಿ ಲೂಪ್‌ಬ್ಯಾಕ್ ಎಂದಿದ್ದರೆ, ಅಥವಾ ಹೆಸರೇ ಸ್ಟೀರಿಯೊ ಮಿಕ್ಸ್ ಆಗಿದ್ದರೆ, ಆಡಾಸಿಟಿ ಮೈಕನ್ನು ಕೇಳುತ್ತಿಲ್ಲ. ಕಂಪ್ಯೂಟರ್ ನುಡಿಸುವುದನ್ನೆಲ್ಲ ಹಿಡಿಯುತ್ತಿದೆ. ಲೂಪ್‌ಬ್ಯಾಕ್ ಡಿವೈಸ್‌ಗಳು ಆಡಿಯೊ ಹೋಸ್ಟ್ (ಪ್ರೋಗ್ರಾಮ್ ಸೌಂಡ್ ಕಾರ್ಡನ್ನು ತಲುಪುವ ದಾರಿ) ವಿಂಡೋಸ್ ವಾಸಾಪಿ ಆಗಿದ್ದಾಗ ಮಾತ್ರ ಪಟ್ಟಿಯಲ್ಲಿ ಬರುತ್ತವೆ. ಹೋಸ್ಟ್ ಬದಲಿಸಲು ಶಿಫ್ಟ್+ಎಚ್. ಮೈಕಿನ ನಿಜವಾದ ಹೆಸರನ್ನು ಆರಿಸಿದರೆ ಆಯಿತು. ಬ್ರೌಸರ್‌ನಲ್ಲಿ ಓಡುವ ಉಪನ್ಯಾಸವನ್ನು ಹಿಡಿಯಲು ಲೂಪ್‌ಬ್ಯಾಕ್ ಬೇಕೇ ಬೇಕು ಎಂದಾದರೆ ಎನ್‌ವಿಡಿಎ ದನಿಯನ್ನು ಬೇರೊಂದು ಸೌಂಡ್ ಡಿವೈಸ್‌ಗೆ ಕಳುಹಿಸಿ. ಎನ್‌ವಿಡಿಎ+ಕಂಟ್ರೋಲ್+ಯು ಒತ್ತಿ, ತೆರೆಯುವ ಆಡಿಯೊ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಡಿವೈಸ್ ಬದಲಿಸಬಹುದು.

ಸೋರಿಕೆಯಾಗಿದ್ದರೆ ಹಿಂಬದಿ ತೆರೆದಿರುವ ಹೆಡ್‌ಫೋನ್ ಬಿಟ್ಟು ಕಿವಿಯನ್ನು ಪೂರ್ತಿ ಮುಚ್ಚುವುದನ್ನು ಅಥವಾ ಕಿವಿಯೊಳಗೆ ಕೂರುವ ಇಯರ್‌ಫೋನನ್ನು ಬಳಸಿ. ಮಾತಿನ ರೆಕಾರ್ಡಿಂಗ್ ಮಾಡುವಾಗ ಎನ್‌ವಿಡಿಎ+ಎಸ್ ಒತ್ತಿ ಸ್ಪೀಚ್ ಆಫ್ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಆಗ ರೆಕಾರ್ಡಿಂಗ್ ಮಧ್ಯೆ ಬಂದ ಎಚ್ಚರಿಕೆಯ ಕಿಟಕಿಯೂ ತಿಳಿಯುವುದಿಲ್ಲ. ಎನ್‌ವಿಡಿಎ ಲ್ಯಾಪ್‌ಟಾಪಿನ ಒಳ ಸೌಂಡ್ ಕಾರ್ಡಿನಿಂದ ಒಂದು ಕಿವಿಗೆ, ಆಡಿಯೊ ಯುಎಸ್‌ಬಿ ಇಂಟರ್‌ಫೇಸ್‌ನಿಂದ (ಮೈಕ್, ಹೆಡ್‌ಫೋನ್ ಸಿಕ್ಕಿಸುವ ಹೊರಗಿನ ಸೌಂಡ್ ಪೆಟ್ಟಿಗೆ) ಇನ್ನೊಂದು ಕಿವಿಗೆ, ಈ ಏರ್ಪಾಟಿಗಿಂತ ಒಳ್ಳೆಯದು ಬೇರೆ ಇಲ್ಲ. ಮುಂದೆ ಬರುವ ಹಲವು ದೋಷಗಳು ಈ ಒಂದು ಬದಲಾವಣೆಯಿಂದಲೇ ತಪ್ಪುತ್ತವೆ.

ಎನ್‌ವಿಡಿಎ ಮಾತಾಡಿದಾಗಲೆಲ್ಲ ಆಡಿಯೊ ತಗ್ಗುತ್ತದೆ

ಫೋನಿನಲ್ಲಿ ಕೇಳಿದರೆ ಮಟ್ಟ ಸಮವಾಗಿಯೇ ಇರುತ್ತದೆ. ಕಾರಣ ಎನ್‌ವಿಡಿಎಯ ಆಡಿಯೊ ಡಕಿಂಗ್. ಎನ್‌ವಿಡಿಎ+ಶಿಫ್ಟ್+ಡಿ ಒತ್ತುತ್ತಾ ಹೋಗಿ, ನೋ ಡಕಿಂಗ್ ಎಂದು ಕೇಳಿದಾಗ ನಿಲ್ಲಿಸಿ. ಡಕಿಂಗ್ ಇರುವಾಗ ಮಿಕ್ಸಿಂಗ್ ಮಾಡಲೇಬೇಡಿ. ಎನ್‌ವಿಡಿಎ ದನಿಗೆ ತಗ್ಗಿದ ಸಂಗೀತವನ್ನು ನೀವು ಫೇಡರ್‌ನಲ್ಲಿ ಏರಿಸುತ್ತೀರಿ, ಕೇಳುಗರಿಗೆ ಸಂಗೀತವೇ ಮಾತನ್ನು ನುಂಗಿಬಿಡುತ್ತದೆ. ಪೋರ್ಟಬಲ್ ಎನ್‌ವಿಡಿಎಯಲ್ಲಿ ಡಕಿಂಗ್ ಸೌಲಭ್ಯವೇ ಇಲ್ಲ. ಅಲ್ಲೂ ಹೀಗಾದರೆ ವಿಂಡೋಸ್ ಕಡೆ ನೋಡಬೇಕು. ವಿಂಡೋಸ್+ಆರ್ ಒತ್ತಿ, mmsys.cpl ಎಂದು ಬರೆದು ಎಂಟರ್ ಕೊಟ್ಟು ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ಕಿಟಕಿಯನ್ನು ತೆರೆದು, ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿ ಡು ನಥಿಂಗ್ ಆರಿಸಿ. ಕರೆ ಬಂದಾಗ ಉಳಿದ ಸದ್ದನ್ನು 80 ಶೇಕಡಾ ತಗ್ಗಿಸುವ ಆಯ್ಕೆ ಅಲ್ಲಿ ಕೂತಿರುತ್ತದೆ.

ರೀಪರ್ ತೆರೆದ ಕೂಡಲೇ ಎನ್‌ವಿಡಿಎ ಮೂಕವಾಗುತ್ತದೆ

ಕಣ್ಣು ಕಾಣುವವರಿಗೆ ಇದು ಸಣ್ಣ ತೊಂದರೆ, ನಮಗೆ ಕೆಲಸವೇ ನಿಂತ ಹಾಗೆ. ರೀಪರ್‌ನ ಆಡಿಯೊ ಸಿಸ್ಟಂ ವಾಸಾಪಿ ಎಕ್ಸ್‌ಕ್ಲೂಸಿವ್ ಆಗಿದ್ದರೆ, ಅಥವಾ ಒಂದೇ ಪ್ರೋಗ್ರಾಮಿಗೆ ಜಾಗ ಕೊಡುವ ಎಎಸ್‌ಐಒ ಡ್ರೈವರ್ (ಸೌಂಡ್ ಡಿವೈಸಿಗೆ ನೇರ ದಾರಿ ಮಾಡಿಕೊಡುವ ತಂತ್ರಾಂಶ) ಇದ್ದರೆ, ರೀಪರ್ ಸೌಂಡ್ ಡಿವೈಸನ್ನು ಪೂರ್ತಿ ತನ್ನದಾಗಿಸಿಕೊಳ್ಳುತ್ತದೆ. ಎನ್‌ವಿಡಿಎಗೆ ಮಾತಾಡಲು ದಾರಿಯೇ ಇರುವುದಿಲ್ಲ.

ದನಿ ಹೋದ ಆ ಕ್ಷಣದಲ್ಲಿ ಗಾಬರಿಯಿಂದ ಕೀಗಳನ್ನು ಒತ್ತಬೇಡಿ, ಪ್ರಾಜೆಕ್ಟ್ ಕೆಡಬಹುದು. ಕಂಟ್ರೋಲ್+ಎಸ್ ಒತ್ತಿ ಸೇವ್ ಮಾಡಿ, ಯುಎಸ್‌ಬಿ ಇಂಟರ್‌ಫೇಸನ್ನು ಕಳಚಿ. ವಿಂಡೋಸ್ ಒಳ ಸೌಂಡ್ ಕಾರ್ಡಿಗೆ ಮರಳುತ್ತದೆ, ಎನ್‌ವಿಡಿಎಯೂ ಅದರ ಹಿಂದೆ ಬರುತ್ತದೆ. ಕೆಲವು ಸೆಕೆಂಡಾದರೂ ಬರದಿದ್ದರೆ ಕಂಟ್ರೋಲ್+ಆಲ್ಟ್+ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಶುರು ಮಾಡಿ.

ಕಾಯಂ ಪರಿಹಾರ ಎರಡು. ಎನ್‌ವಿಡಿಎಯ ಔಟ್‌ಪುಟ್ ಡಿವೈಸನ್ನು ಒಳ ಸೌಂಡ್ ಕಾರ್ಡಿಗೆ ಕಟ್ಟಿಹಾಕುವುದು ಒಂದು. ಒಂದೇ ಸೌಂಡ್ ಕಾರ್ಡ್ ಇದ್ದರೆ ರೀಪರ್‌ನಲ್ಲಿ ಕಂಟ್ರೋಲ್+ಪಿ, ಆಡಿಯೊ ವಿಭಾಗದ ಡಿವೈಸ್ ಪುಟ, ಅಲ್ಲಿ ಆಡಿಯೊ ಸಿಸ್ಟಂ ವಾಸಾಪಿ, ಮೋಡ್ ಶೇರ್ಡ್ ಎಂದು ಇಡುವುದು ಇನ್ನೊಂದು. ಎರಡನೆಯದರಲ್ಲಿ ವಿಳಂಬ ಸ್ವಲ್ಪ ಹೆಚ್ಚು, ಆದರೆ ಮಾತಿನ ಕೆಲಸಕ್ಕೆ ಅದು ಅಡ್ಡಿಯಲ್ಲ.

ಇದರದೇ ಇನ್ನೊಂದು ರೂಪ: ಎಎಸ್‌ಐಒ ಡ್ರೈವರ್ ಇಬ್ಬರಿಗೂ ಜಾಗ ಕೊಡುತ್ತದೆ, ಆದರೂ ಒಂದು ಪ್ರಾಜೆಕ್ಟ್ ತೆರೆದಾಗ ಮಾತ್ರ ಎನ್‌ವಿಡಿಎ ತೊದಲುತ್ತದೆ ಅಥವಾ ಮಾಯವಾಗುತ್ತದೆ. ಆ ಪ್ರಾಜೆಕ್ಟಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) 44100, ವಿಂಡೋಸ್ ಡಿವೈಸ್‌ನದು 48000 ಇರುವ ಸಾಧ್ಯತೆ ಹೆಚ್ಚು. ಎರಡನ್ನೂ ಒಂದೇ ಮಾಡಿ.

ರೀಪರ್ ತೆರೆದಿದೆ, ಎನ್‌ವಿಡಿಎ ಬೇರೆಲ್ಲ ಕಡೆ ಮಾತಾಡುತ್ತದೆ, ಟ್ರ್ಯಾಕ್‌ಗಳ ಮೇಲೆ ಮಾತ್ರ ಮೌನ

ರೀಪರ್ ತಾನಾಗಿ ಟ್ರ್ಯಾಕ್‌ಗಳ ಬಗ್ಗೆ ಸ್ಕ್ರೀನ್ ರೀಡರ್‌ಗೆ ಹೆಚ್ಚೇನೂ ಹೇಳುವುದಿಲ್ಲ. ಆ ಕೆಲಸ ಓಸಾರಾ ಎಕ್ಸ್‌ಟೆನ್ಷನ್‌ನದು. ಎನ್‌ವಿಡಿಎ ಕಟ್ಟಿದ ಪ್ರಮುಖರಲ್ಲಿ ಒಬ್ಬರಾದ ಜೇಮ್ಸ್ ಟೆ ಅದನ್ನು ಶುರು ಮಾಡಿದರು. ರೀಪರ್‌ನಲ್ಲಿ ಕಂಟ್ರೋಲ್+ಎಫ್12 ಒತ್ತಿ. ಓಸಾರಾ ಕಾನ್ಫಿಗರೇಷನ್ ಕಿಟಕಿ ತೆರೆದರೆ ಎಲ್ಲವೂ ಸರಿ ಇದೆ. ಏನೂ ಆಗದಿದ್ದರೆ ಎಫ್12 ಒತ್ತಿ ನೋಡಿ: ಅದು ಶಾರ್ಟ್‌ಕಟ್ ಹೆಲ್ಪ್ ಆನ್ ಎಂದು ಹೇಳಬೇಕು. ಎರಡಕ್ಕೂ ಮೌನವಾದರೆ ಓಸಾರಾ ಲೋಡ್ ಆಗಿಲ್ಲ, ಅಥವಾ ಅದರ ಕೀ ಮ್ಯಾಪ್ (ಯಾವ ಕೀಗೆ ಯಾವ ಕೆಲಸ ಎಂಬ ಪಟ್ಟಿ) ಕೂತಿಲ್ಲ.

ಇವೆರಡನ್ನು ಬೇರ್ಪಡಿಸಲು ಬಾಣದ ಕೀ ಸಾಕು. ಕಂಟ್ರೋಲ್+ಆಲ್ಟ್+ಕೆಳಬಾಣ ಒತ್ತಿದಾಗ ಟ್ರ್ಯಾಕಿನ ಹೆಸರು ಕೇಳುತ್ತಿದೆ, ಆದರೆ ಎಫ್7 ಒತ್ತಿದರೆ ಆರ್ಮ್ಡ್ (ರೆಕಾರ್ಡಿಂಗ್‌ಗೆ ಸಿದ್ಧ) ಎನ್ನುವುದಿಲ್ಲ ಎಂದಾದರೆ ಓಸಾರಾ ಇದೆ, ಕೀ ಮ್ಯಾಪ್ ಇಲ್ಲ. ರೀಪರ್ ಮುಚ್ಚಿ, ಓಸಾರಾ ಇನ್‌ಸ್ಟಾಲರ್ ಮತ್ತೆ ಓಡಿಸಿ, ಹಳೆಯ ಕೀ ಮ್ಯಾಪ್ ತೆಗೆದು ಓಸಾರಾದ್ದನ್ನು ಹಾಕಲೇ ಎಂಬ ಪೆಟ್ಟಿಗೆಗೆ ಗುರುತು ಹಾಕಿ. ನೀವೇ ಮಾಡಿಕೊಂಡ ಶಾರ್ಟ್‌ಕಟ್‌ಗಳಿದ್ದರೆ ಅದಕ್ಕೂ ಮೊದಲು ಆಕ್ಷನ್ಸ್ ಪಟ್ಟಿಯಿಂದ ಅವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬಾಣಕ್ಕೂ ಮೌನವಾದರೆ ಓಸಾರಾ ತಪ್ಪು ಜಾಗಕ್ಕೆ ಹೋಗಿದೆ. ಪೆನ್‌ಡ್ರೈವಿನಲ್ಲಿಟ್ಟ ಪೋರ್ಟಬಲ್ ರೀಪರ್ ಬಳಸುವವರಿಗೆ ಆಗುವುದು ಇದೇ. ಇನ್‌ಸ್ಟಾಲರ್ ಕೇಳಿದಾಗ ಸ್ಟ್ಯಾಂಡರ್ಡ್ ಬದಲು ಪೋರ್ಟಬಲ್ ಆರಿಸಿ, ರೀಪರ್ ಇರುವ ಫೋಲ್ಡರನ್ನೇ ತೋರಿಸಬೇಕು.

ಪ್ಲಗಿನ್ ಕಿಟಕಿಯೊಳಗೆ ಮೌನ ಎಂಬುದು ಬೇರೆ ಸಂಗತಿ. ಅನೇಕ ಪ್ಲಗಿನ್‌ಗಳ ಗುಂಡಿಗಳು ಬರೀ ಚಿತ್ರ, ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಇಲ್ಲ. ರೀಪರ್‌ನಲ್ಲಿ ಟ್ರ್ಯಾಕಿನ ಮೇಲೆ ನಿಂತು ಪಿ ಒತ್ತಿದರೆ ಓಸಾರಾ ಆ ಪ್ಲಗಿನ್ನಿನ ಎಲ್ಲ ಪ್ಯಾರಾಮೀಟರ್‌ಗಳನ್ನು ಸಾದಾ ಪಟ್ಟಿಯಾಗಿ ಕೊಡುತ್ತದೆ. ಆಡಾಸಿಟಿಯಲ್ಲಿ ವಿಎಸ್‌ಟಿ ಎಫೆಕ್ಟಿನ ಆಪ್ಷನ್ಸ್‌ಗೆ ಹೋಗಿ ಗ್ರಾಫಿಕಲ್ ಇಂಟರ್‌ಫೇಸ್ ಗುರುತು ತೆಗೆದರೆ ಸ್ಲೈಡರ್‌ಗಳು ಸಿಗುತ್ತವೆ.

ಕೀ ಒತ್ತಿದರೆ ಕೆಲಸವಾಗುತ್ತಿಲ್ಲ

ಕನ್ನಡದಲ್ಲಿ ಟೈಪ್ ಮಾಡುವ ಎಲ್ಲರೂ ಮೊದಲು ನೋಡಬೇಕಾದದ್ದು ಕೀಬೋರ್ಡ್ ಭಾಷೆ. ಲೇಬಲ್‌ಗೆ ಅಧ್ಯಾಯದ ಹೆಸರನ್ನು ಕನ್ನಡದಲ್ಲಿ ಬರೆದು, ಭಾಷೆ ಬದಲಿಸದೆ ಆರ್ ಅಥವಾ ಎಸ್ ಒತ್ತಿದರೆ, ಪ್ರೋಗ್ರಾಮಿಗೆ ಹೋಗುವುದು ಕನ್ನಡ ಅಕ್ಷರ. ರೆಕಾರ್ಡಿಂಗ್ ಶುರುವಾಗುವುದಿಲ್ಲ, ಸ್ಪ್ಲಿಟ್ ಆಗುವುದಿಲ್ಲ. ಆದರೆ ಸ್ಪೇಸ್ ಮತ್ತು ಎಫ್ ಕೀಗಳು ಸರಿಯಾಗಿಯೇ ಇರುತ್ತವೆ. ಈ ಲಕ್ಷಣ ಕಂಡರೆ ವಿಂಡೋಸ್+ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬನ್ನಿ. ನುಡಿ ಅಥವಾ ಬರಹ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ವಿಂಡೋಸ್ ಭಾಷೆ ಇಂಗ್ಲಿಷ್ ಎಂದೇ ಹೇಳುತ್ತಿರುತ್ತದೆ, ಆದರೂ ಅಕ್ಷರಗಳು ಕನ್ನಡಕ್ಕೆ ತಿರುಗುತ್ತವೆ. ಎಡಿಟಿಂಗ್ ಹೊತ್ತಿನಲ್ಲಿ ಅವನ್ನು ಮುಚ್ಚಿಡುವುದೇ ಲೇಸು.

ಆಡಾಸಿಟಿಯಲ್ಲಿ ಎಫೆಕ್ಟ್ ಮೆನುವಿನ ಎಲ್ಲವೂ ಅನ್‌ಅವೈಲಬಲ್ ಎಂದು ಕೇಳಿದರೆ ಪ್ಲೇಬ್ಯಾಕ್ ಅಥವಾ ರೆಕಾರ್ಡಿಂಗ್ ಇನ್ನೂ ಓಡುತ್ತಿರಬಹುದು. ಆಗ ಆಡಾಸಿಟಿ ಎಫೆಕ್ಟ್ ಹಾಕಲು ಬಿಡುವುದಿಲ್ಲ. ಸ್ಪೇಸ್ ಒತ್ತಿ ಪೂರ್ತಿ ನಿಲ್ಲಿಸಿ. ಸ್ಪೇಸ್ ಒತ್ತಿದರೆ ಆಡಿಯೊ ಬದಲು ಯಾವುದೋ ಬಟನ್ ಒತ್ತಿದಂತಾದರೆ ಫೋಕಸ್ ಟೂಲ್‌ಬಾರ್‌ನಲ್ಲಿದೆ. ಟ್ರ್ಯಾಕ್ ಹೆಸರು ಕೇಳುವ ತನಕ ಕಂಟ್ರೋಲ್+ಎಫ್6 ಒತ್ತಿ.

ರೆಕಾರ್ಡ್ ಆಗಿದೆ, ಆದರೆ ಬರೀ ನಿಶ್ಶಬ್ದ

ತೀರಾ ಹೊರಗಿನಿಂದ ಒಳಗೆ ಬನ್ನಿ. ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸಿನ 48 ವೋಲ್ಟ್ ಸ್ವಿಚ್ ಆನ್ ಆಗಿರಬೇಕು. ಅದರ ದೀಪ ನೋಡಲಾಗದು. ಹೆಡ್‌ಫೋನ್ ದನಿ ತಗ್ಗಿಸಿ ಸ್ವಿಚ್ ಒತ್ತಿ, ಒಂದು ಸಣ್ಣ ಟಪ್ ಸದ್ದಿನ ನಂತರ ಕೋಣೆಯ ಸದ್ದು ಕೇಳತೊಡಗಿದರೆ ಆನ್ ಆಗಿದೆ. ನಂತರ ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಮೈಕ್ರೊಫೋನ್ ಪುಟ ತೆರೆದು, ಡೆಸ್ಕ್‌ಟಾಪ್ ಆಪ್‌ಗಳಿಗೆ ಅನುಮತಿ ಆನ್ ಇದೆಯೇ ನೋಡಿ. ಇದು ಆಫ್ ಆಗಿದ್ದರೆ ಆಡಾಸಿಟಿ ತಪ್ಪೆಂದು ಹೇಳದೆ ಸುಮ್ಮನೆ ರೆಕಾರ್ಡ್ ಮಾಡುತ್ತಾ ಹೋಗಬಹುದು, ಒಳಗೆ ಏನೂ ಇರುವುದಿಲ್ಲ.

ರೀಪರ್‌ನಲ್ಲಿ ಟ್ರ್ಯಾಕ್ ಆರ್ಮ್ ಆಗಿರಬೇಕು, ಇನ್‌ಪುಟ್ ಸರಿಯಾದ ಚಾನೆಲ್ ಆಗಿರಬೇಕು. ಮೈಕ್ ಇಂಟರ್‌ಫೇಸಿನ ಎರಡನೇ ತೂತಿನಲ್ಲಿದ್ದು ಟ್ರ್ಯಾಕ್ ಇನ್‌ಪುಟ್ 1 ಎಂದಿದ್ದರೆ ನಿಶ್ಶಬ್ದವೇ ಸಿಗುವುದು. ಎಡಗಿವಿಯಲ್ಲಿ ಮಾತ್ರ ದನಿ ಬಂದರೆ ಒಂದೇ ಮೈಕನ್ನು ಸ್ಟೀರಿಯೊ ಆಗಿ ಹಿಡಿದಿದ್ದೀರಿ. ಮುಂದೆ ಮೊನೊ ಇನ್‌ಪುಟ್ ಆರಿಸಿ. ಆಗಿಹೋದ ರೆಕಾರ್ಡಿಂಗ್ ಆಡಾಸಿಟಿಯಲ್ಲಿದ್ದರೆ ಶಿಫ್ಟ್+ಎಂ ಒತ್ತಿ, ಸ್ಪ್ಲಿಟ್ ಸ್ಟೀರಿಯೊ ಟು ಮೊನೊ ಕೊಟ್ಟು, ಖಾಲಿ ಟ್ರ್ಯಾಕ್ ಅಳಿಸಿ.

ನಿಮ್ಮ ದನಿ ನಿಮಗೇ ಎರಡೆರಡು ಸಲ ಕೇಳಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಮತ್ತು ರೀಪರ್‌ನ ಮಾನಿಟರಿಂಗ್ ಎರಡೂ ಆನ್ ಇವೆ. ಎಫ್8 ಒತ್ತಿ ರೀಪರ್‌ನದನ್ನು ನಿಲ್ಲಿಸಿ.

ಪಟಪಟ, ಗುಂಯ್, ಟೆಲಿಫೋನ್ ದನಿ

ಪಟಪಟ ಸದ್ದು ಬಂದಾಗ ಅದೇ ಹತ್ತು ಸೆಕೆಂಡನ್ನು ಮೂರು ಸಲ ನುಡಿಸಿ. ಪ್ರತಿ ಸಲವೂ ಅದೇ ಪದದ ಮೇಲೆ ಬಂದರೆ ಫೈಲಿನಲ್ಲಿದೆ. ಜಾಗ ಬದಲಾಗುತ್ತಿದ್ದರೆ ಫೈಲ್ ಚೆನ್ನಾಗಿದೆ, ಪ್ಲೇಬ್ಯಾಕ್‌ಗೆ ಬಫರ್ (ನುಡಿಸುವ ಮೊದಲು ಸಿದ್ಧಮಾಡಿಟ್ಟುಕೊಳ್ಳುವ ಆಡಿಯೊ ತುಣುಕು) ಸಾಲುತ್ತಿಲ್ಲ. 48000 ರೇಟಿನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್ ಅಷ್ಟೇ. ಅಷ್ಟರೊಳಗೆ ಎನ್‌ವಿಡಿಎಯ ಸ್ಪೀಚ್, ಪ್ಲಗಿನ್‌ಗಳು ಎಲ್ಲವೂ ಮುಗಿಯಬೇಕು. ಎಡಿಟಿಂಗ್‌ಗೆ 512 ಅಥವಾ 1024 ಇಡಿ. ಇಂಟರ್‌ಫೇಸ್ ಹಬ್‌ನಲ್ಲಿದ್ದರೆ ಕಿತ್ತು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ.

ಒಂದೇ ಶ್ರುತಿಯ ಗುಂಯ್ ಸದ್ದು ನಮ್ಮಲ್ಲಿ 50 ಹರ್ಟ್ಜ್ ವಿದ್ಯುತ್ತಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಸದ್ದು ಹೋದರೆ ಚಾರ್ಜರ್ ಅಥವಾ ಅರ್ಥಿಂಗ್ ಸರಿಯಿಲ್ಲ. ಅರ್ಥ್ ಪಿನ್ ಇರುವ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿರುವುದು ಸಾಮಾನ್ಯ ಕಾರಣ. ಆಗಿಹೋದ ಫೈಲಿಗೆ ನಾಚ್ ಫಿಲ್ಟರನ್ನು 50ಕ್ಕೆ, ನಂತರ 100, 150ಕ್ಕೆ ಹಾಕಿ.

ರೆಕಾರ್ಡ್ ಒತ್ತಿದ ಮರುಕ್ಷಣವೇ ಎನ್‌ವಿಡಿಎ ದನಿಯೂ ಹಳೆಯ ಟೆಲಿಫೋನಿನಲ್ಲಿ ಕೇಳಿದಂತಾದರೆ ನೀವು ಬ್ಲೂಟೂತ್ ಹೆಡ್‌ಸೆಟ್‌ನಲ್ಲಿದ್ದೀರಿ. ಅದರ ಮೈಕ್ ತೆರೆದಾಗ ಹೆಡ್‌ಸೆಟ್ ಕರೆಯ ಮೋಡಿಗೆ ಇಳಿಯುತ್ತದೆ, ಗುಣಮಟ್ಟವೂ ಇಳಿಯುತ್ತದೆ. ಎಡಿಟಿಂಗ್‌ಗೆ ತಂತಿ ಇರುವ ಹೆಡ್‌ಫೋನ್ ಬೇಕೇ ಬೇಕು.

ದನಿ ದಪ್ಪಗಾಗಿ ನಿಧಾನವಾಗಿದ್ದರೆ, ಗಂಟೆಯ ರೆಕಾರ್ಡಿಂಗ್ 65 ನಿಮಿಷ 18 ಸೆಕೆಂಡ್ ಆಗಿದ್ದರೆ, ಅದು 48000ದಲ್ಲಿ ಹಿಡಿದು 44100 ಎಂಬ ಗುರುತು ಹೊತ್ತ ಫೈಲ್. ಎಫೆಕ್ಟ್ ಯಾವುದೂ ಬೇಡ. ಆಡಾಸಿಟಿಯಲ್ಲಿ ಶಿಫ್ಟ್+ಎಂ, ರೇಟ್, 48000 ಆರಿಸಿ.

ಪರದೆ ನೋಡದೆ ಮಟ್ಟ ಅಳೆಯುವುದು

ಅಲೆಯ ಚಿತ್ರ ಕಾಣದವರು ಅಂದಾಜಿನ ಮೇಲೆ ಬದುಕಬೇಕಿಲ್ಲ, ಎರಡೂ ಪ್ರೋಗ್ರಾಮುಗಳು ಅಂಕಿ ಕೊಡುತ್ತವೆ. ರೀಪರ್‌ನಲ್ಲಿ ಆಲ್ಟ್+ಡಬ್ಲ್ಯೂ ಒತ್ತಿ ಪೀಕ್ ವಾಚರ್ ಹಾಕಿ, ಆಲ್ಟ್+ಎಫ್9 ಒತ್ತಿದರೆ ಪೀಕ್ ಎಷ್ಟು ಎಂದು ಕೇಳುತ್ತದೆ. ಮಾತು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಇರಲಿ. ಆಡಾಸಿಟಿಯಲ್ಲಿ ಅನಲೈಜ್ ಮೆನುವಿನ ಫೈಂಡ್ ಕ್ಲಿಪಿಂಗ್ ಒಡೆದ ಜಾಗಗಳಿಗೆಲ್ಲ ಲೇಬಲ್ ಹಾಕುತ್ತದೆ. ಆಲ್ಟ್+ಬಲಬಾಣ ಒತ್ತಿ ಒಂದೊಂದಕ್ಕೂ ಹೋಗಿ ಕೇಳಬಹುದು.

ಅದೇ ಮೆನುವಿನ ಕಾಂಟ್ರಾಸ್ಟ್ ಸಾಧನವನ್ನು ಹೆಚ್ಚಿನವರು ತೆರೆದೇ ನೋಡಿರುವುದಿಲ್ಲ. ಮಾತನ್ನು ಸೆಲೆಕ್ಟ್ ಮಾಡಿ ಫೋರ್‌ಗ್ರೌಂಡ್ ಅಳೆಯಿರಿ, ನಂತರ ಮಾತಿಲ್ಲದ ಎರಡು ಸೆಕೆಂಡನ್ನು ಸೆಲೆಕ್ಟ್ ಮಾಡಿ ಬ್ಯಾಕ್‌ಗ್ರೌಂಡ್ ಅಳೆಯಿರಿ. ಎರಡರ ಆರ್‌ಎಂಎಸ್ (ಸರಾಸರಿ) ಮಟ್ಟವನ್ನೂ ಎನ್‌ವಿಡಿಎ ಓದುತ್ತದೆ. ಬ್ಯಾಕ್‌ಗ್ರೌಂಡ್ ಮೈನಸ್ 60 ಡಿಬಿಗಿಂತ ಕೆಳಗಿದ್ದರೆ ಆಡಿಯೊ ಪುಸ್ತಕಕ್ಕೂ ಸಾಕು. ಮೈನಸ್ 45ರ ಸುತ್ತ ಇದ್ದರೆ ನಾಯ್ಸ್ ರಿಡಕ್ಷನ್‌ಗಿಂತ ಮೊದಲು ಫ್ಯಾನ್ ಆಫ್ ಮಾಡಿ ಮತ್ತೆ ಓದುವುದು ಉತ್ತಮ. ನಾಯ್ಸ್ ರಿಡಕ್ಷನ್ ಹಾಕಲೇಬೇಕಾದರೆ 6ರಿಂದ 12 ಡಿಬಿಯೊಳಗೆ ಇರಲಿ. ಅದಕ್ಕೂ ಮೇಲೆ ಹೋದರೆ ಸ, ಶ, ಷ ಅಕ್ಷರಗಳು ನೀರಿನೊಳಗಿಂದ ಬಂದಂತೆ ಕೇಳುತ್ತವೆ.

ಎರಡನೇ ಟ್ರ್ಯಾಕ್ ತಾಳ ತಪ್ಪುತ್ತದೆ

ಆಡಾಸಿಟಿಯ ಲೇಟೆನ್ಸಿ ಕಾಂಪೆನ್ಸೇಷನ್ (ರೆಕಾರ್ಡಿಂಗ್‌ನ ವಿಳಂಬವನ್ನು ಸರಿದೂಗಿಸುವ ಸೆಟ್ಟಿಂಗ್) ಮೊದಲಿಗೆ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ನಿಮ್ಮ ಡಿವೈಸಿಗೆ ಅದು ಸರಿಹೊಂದಬೇಕೆಂದೇನೂ ಇಲ್ಲ. ಅಳೆಯಲು ಜನರೇಟ್ ಮೆನುವಿನಿಂದ ನಿಮಿಷಕ್ಕೆ 30 ಬಡಿತದ ರಿದಮ್ ಟ್ರ್ಯಾಕ್ ಮಾಡಿ. ಹೆಡ್‌ಫೋನಿನ ಒಂದು ಬಟ್ಟಲನ್ನು ಮೈಕಿಗೆ ಒತ್ತಿ ಹಿಡಿದು, ಶಿಫ್ಟ್+ಆರ್ ಒತ್ತಿ ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಎನ್‌ವಿಡಿಎ ಈ ಹೊತ್ತು ಮಾತಾಡದಿರಲಿ. ಎರಡೂ ಟ್ರ್ಯಾಕನ್ನು ಒಂದೇ ಪೀಕಿಗೆ ನಾರ್ಮಲೈಜ್ ಮಾಡಿ, ಒಂದೊಂದಕ್ಕೂ ಅದೇ ಸೆಟ್ಟಿಂಗ್‌ನಲ್ಲಿ ಲೇಬಲ್ ಸೌಂಡ್ಸ್ ಓಡಿಸಿ. ಎಡಿಟ್ ಲೇಬಲ್ಸ್ ಕೋಷ್ಟಕದಲ್ಲಿ ಒಂದೇ ಬಡಿತದ ಎರಡು ಸಮಯಗಳನ್ನು ಕೇಳಿ ಕಳೆಯಿರಿ. ಹೊಸದು 40 ಮಿಲಿಸೆಕೆಂಡ್ ತಡವಾಗಿದ್ದರೆ ಮೈನಸ್ 130 ಅನ್ನು ಮೈನಸ್ 170 ಮಾಡಿ. ಡಿವೈಸ್ ಅಥವಾ ಹೋಸ್ಟ್ ಬದಲಿಸಿದರೆ ಮತ್ತೆ ಅಳೆಯಬೇಕು.

ರೀಪರ್‌ನಲ್ಲಿ ಮಾತಿನ ತಪ್ಪನ್ನು ಕತ್ತರಿಸಿದ ಮೇಲೆ ಸಂಗೀತ ಜಾಗ ಬಿಟ್ಟಿದ್ದರೆ ಅದು ಲೇಟೆನ್ಸಿಯಲ್ಲ, ರಿಪಲ್ ಎಡಿಟಿಂಗ್. ಆಲ್ಟ್+ಪಿ ಒತ್ತುತ್ತಾ ಮೋಡ್ ಕೇಳಿ. ಆಫ್ ಇದ್ದರೆ ಅಳಿಸಿದ ಜಾಗ ಖಾಲಿ ಉಳಿಯುತ್ತದೆ, ಪರ್ ಟ್ರ್ಯಾಕ್ ಇದ್ದರೆ ಮಾತು ಮಾತ್ರ ಹಿಂದೆ ಸರಿಯುತ್ತದೆ, ಆಲ್ ಟ್ರ್ಯಾಕ್ಸ್ ಇದ್ದರೆ ಎಲ್ಲವೂ ಸರಿಯುತ್ತದೆ. ಮಾತಿನ ಕೆಳಗೆ ಸಂಗೀತ ಹರಿಯುತ್ತಿರುವಾಗ ಪರ್ ಟ್ರ್ಯಾಕ್‌ನಲ್ಲಿ ಕತ್ತರಿಸಿದರೆ ಮಾತಿಗೂ ಸಂಗೀತಕ್ಕೂ ಹೊಂದಿಸಿಟ್ಟಿದ್ದ ಜಾಗಗಳೆಲ್ಲ ಕೆಡುತ್ತವೆ. ಮಾತನ್ನು ಪೂರ್ತಿ ಸ್ವಚ್ಛಗೊಳಿಸಿದ ಮೇಲೆಯೇ ಸಂಗೀತ ತರುವುದು ಒಳ್ಳೆಯ ರೂಢಿ.

ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಒಂದು ದನಿ ಕಾಣೆಯಾಗಿದ್ದರೆ ಆಡಾಸಿಟಿಯಲ್ಲಿ ಆ ಟ್ರ್ಯಾಕ್ ಮ್ಯೂಟ್ ಆಗಿದೆ, ಅಥವಾ ಇನ್ನೊಂದು ಸೋಲೊ ಆಗಿದೆ. ಮೇಲೆ ಕೆಳಗೆ ಬಾಣ ಒತ್ತಿದಾಗ ಎನ್‌ವಿಡಿಎ ಟ್ರ್ಯಾಕ್ ಹೆಸರಿನ ಜೊತೆಗೇ ಅದನ್ನು ಹೇಳುತ್ತದೆ. ಮ್ಯೂಟ್ ತೆಗೆಯಲು ಶಿಫ್ಟ್+ಯು, ಸೋಲೊ ತೆಗೆಯಲು ಶಿಫ್ಟ್+ಎಸ್, ನಂತರ ಕಂಟ್ರೋಲ್+ಶಿಫ್ಟ್+ಇ.